‘ಡೆಲಿಬರೇಶನ್’ಗೆ ಕನ್ನಡದಲ್ಲಿ ಯಾವ ಪದ?

ಮಾನ್ಯರೆ,

ಸಂವಹನಶಾಸ್ತ್ರದ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕಮ್ಯೂನಿಟಿ ಡೆಲಿಬರೇಶನ್’ ಎಂಬಲ್ಲಿಗೆ ಬಂದು ಕೈ ನಿಂತಿದೆ. ಅಮೆರಿಕದ ಫೋರ್ಟ್ ಕಾಲಿನ್ಸ್ ನಗರದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಮಾರ್ಟಿನ್ ಕಾರ್ಕಸನ್ ಅವರು 2006ರಲ್ಲಿ ಇದಕ್ಕೆಂದೇ ಒಂದು ಕೇಂದ್ರವನ್ನು ಸ್ಥಾಪಿಸಿದರು. ಊರಿನ ತೊಡಕಿನ ವಿಷಯವೊಂದನ್ನು ಎತ್ತಿಕೊಂಡು, ಬೇರೆಬೇರೆ ನಿಲುವಿನ ನಿವಾಸಿಗಳನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ, ಯಾವ ದಾರಿ ಹಿಡಿದರೆ ಏನು ದಕ್ಕೀತು, ಏನನ್ನು ಬಿಟ್ಟುಕೊಡಬೇಕಾದೀತು ಎಂಬುದನ್ನು ಅವರೇ ಕಂಡುಕೊಳ್ಳುವಂತೆ ತರಬೇತಿ ಪಡೆದ ವಿದ್ಯಾರ್ಥಿಗಳು ಅಲ್ಲಿ ಮಾತುಕತೆ ನಡೆಸಿಕೊಡುತ್ತಾರೆ.

ಇದನ್ನು ‘ಚರ್ಚೆ’ ಎಂದರೆ ಸೋಲುಗೆಲುವಿನ ವಾದವೇ ಓದುಗರ ಕಣ್ಣಮುಂದೆ ಬರುತ್ತದೆ. ‘ಸಂವಾದ’ದಲ್ಲಿ ಪರಸ್ಪರ ಅರಿಯುವ ಆಶಯವಿದೆಯೇ ಹೊರತು ಆಯ್ಕೆ ಮಾಡಲೇಬೇಕೆಂಬ ಒತ್ತಾಯವಿಲ್ಲ. ‘ಸಮಾಲೋಚನೆ’ ಹತ್ತಿರದ ಮಾತೇ ಆದರೂ ‘ಆಪ್ತಸಮಾಲೋಚನೆ’ಯ ಬಳಕೆಯಿಂದಾಗಿ ಅದು ಈಗ ಸಲಹೆ ನೀಡುವವರ ಕೋಣೆಯನ್ನು ನೆನಪಿಸುತ್ತದೆ. ‘ಮಂತಣ’ ನನಗೆ ಬಹಳ ಪ್ರಿಯವಾದ ಪದ. ಆದರೆ ಅದಕ್ಕೆ ಅರಸ ಮತ್ತು ಮಂತ್ರಿಯ ಗುಟ್ಟಿನ ನಂಟಿದೆ, ಇಲ್ಲಿಯದೋ ಬಾಗಿಲು ತೆರೆದ ಸಭೆ. ‘ಪರ್ಯಾಲೋಚನೆ’ಯಲ್ಲಿ ಸುತ್ತಲಿಂದಲೂ ನೋಡುವ ಅರ್ಥ ಸರಿಯಾಗಿ ಕೂರುತ್ತದೆಯಾದರೂ, ಸಭೆಗೆ ಬಂದ ಸಾಮಾನ್ಯರ ಬಾಯಲ್ಲಿ ಅದು ನಿಲ್ಲುವುದೇ ಎಂಬ ಅನುಮಾನ ನನ್ನದು.

ಇಂಗ್ಲಿಷ್ ಪದದ ಮೂಲದಲ್ಲಿರುವುದು ತಕ್ಕಡಿ ಎಂಬರ್ಥದ ಲ್ಯಾಟಿನ್ನಿನ ‘ಲಿಬ್ರಾ’ ಎನ್ನುತ್ತಾರೆ. ನಮ್ಮ ‘ಅಳೆದು ತೂಗಿ’ ಎಂಬ ನುಡಿಗಟ್ಟೂ ಅದೇ ತಕ್ಕಡಿಯನ್ನು ಹಿಡಿದಿರುವುದು ಸಂತೋಷದ ಸಂಗತಿ. ಆದ್ದರಿಂದ ಸದ್ಯಕ್ಕೆ ‘ಊರವರು ಕೂಡಿ ತೂಗಿನೋಡುವುದು’ ಎಂದು ಬಿಡಿಸಿ ಬರೆದಿದ್ದೇನೆ. ಶೀರ್ಷಿಕೆಗೆ ಮಾತ್ರ ಇದು ಉದ್ದವಾಯಿತು.

ಜೊತೆಗೇ ಅದೇ ಬರಹದಲ್ಲಿ ಇನ್ನೊಂದು ತೊಡಕಿದೆ. ಅದೇ ಕೊಲೊರಾಡೊ ರಾಜ್ಯದ ಬೌಲ್ಡರ್‌ನ ಸಂವಹನ ವಿದ್ವಾಂಸ ಲಾರೆನ್ಸ್ ಫ್ರೇ ಅವರು, ಅನ್ಯಾಯವನ್ನು ದೂರ ನಿಂತು ಅಧ್ಯಯನ ಮಾಡಿದರೆ ಸಾಲದು, ನೊಂದವರ ಜೊತೆ ಸೇರಿ ವಿದ್ವಾಂಸನೂ ಕೈಹಾಕಬೇಕು ಎಂದು ವಾದಿಸಿದವರು. ಈ ‘ಆ್ಯಕ್ಟಿವಿಸಂ’ಗೆ ‘ಕ್ರಿಯಾವಾದ’ ಎಂಬುದು ಕೇವಲ ಪುಸ್ತಕದ ಪದವಾಗುತ್ತದೆ, ‘ಕಾರ್ಯಕರ್ತ’ ಎಂದೊಡನೆ ಪಕ್ಷದ ಬಾವುಟ ಕಾಣುತ್ತದೆ. ‘ಹೋರಾಟ’ವೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ಕಾರ್ಕಸನ್ ಅವರದು ಯಾರ ಪಕ್ಷವನ್ನೂ ವಹಿಸದೆ, ಆದರೂ ಆಸ್ಥೆ ಬಿಡದೆ ಮಾತು ನಡೆಸುವ ಕೆಲಸ. ‘ಹೋರಾಟ’ದ ಪಕ್ಕದಲ್ಲಿ ಬಂದಾಗಲೂ ಈ ವ್ಯತ್ಯಾಸ ಮಸುಕಾಗದಂಥ ಪದ ನನಗೆ ಬೇಕಾಗಿದೆ.

ನಿಮ್ಮ ಕಡೆ ಗ್ರಾಮಸಭೆಯಲ್ಲಾಗಲಿ, ಊರ ಕಟ್ಟೆಯ ಮೇಲಾಗಲಿ, ನಾಲ್ಕು ಜನ ಕೂತು ಎಲ್ಲ ಮಗ್ಗುಲಿನಿಂದ ನೋಡಿ ತೀರ್ಮಾನಕ್ಕೆ ಬರುವುದನ್ನು ಹಿರಿಯರು ಯಾವ ಮಾತಿನಿಂದ ಕರೆಯುತ್ತಾರೆ? ಬಳಕೆಯ ವಾಕ್ಯದೊಡನೆ ತಿಳಿಸಿದರೆ ಉಪಕಾರವಾಗುತ್ತದೆ.