ಸುರಂಗದೊಳಗಿನ ಹಸಿರು ಕೊಳವೆ: ಪೆಗ್ ತುಂಡೋ, ಬೇರೇನೋ?

ಕಾಫಿಹೂ_ವಿರಾಜಪೇಟೆ
ನಮ್ಮ ಕೊಡಗಿನ ಕಕ್ಕಡ 18ರ ಹಬ್ಬಕ್ಕೆ ಅಂತ ಮನೆಗೆ ಬಂದಿದ್ದೇನೆ. ಅಮ್ಮ ಮದ್ದುಸೊಪ್ಪು ಬೇಯಿಸುತ್ತಿದ್ದಾರೆ, ಹೊರಗೆ ಬಿಡದ ಮಳೆ. ಕರೆಂಟ್ ಹೋಗುವ ಮೊದಲು ಕೇಳಿಬಿಡುತ್ತೇನೆ.

ನನ್ನ ಪ್ರೋಟೀನ್ ಹರಳಿಗೆ ಎಕ್ಸ್-ರೇ ಹಾಯಿಸಿ 2.1 ಆಂಗ್‌ಸ್ಟ್ರಾಮ್ ಸ್ಪಷ್ಟತೆಯ ಡೇಟಾ ಸಿಕ್ಕಿದೆ. ಮಾದರಿಯಲ್ಲಿ ಪ್ರೋಟೀನ್, ನೀರು ಎಲ್ಲ ಕೂರಿಸಿ ಆಯ್ತು. ಆದರೆ ಪ್ರೋಟೀನಿನ ಒಳಗಿನ ಸುರಂಗದಲ್ಲಿ ಹಸಿರು ಮ್ಯಾಪ್ ಉಳಿದಿದೆ, ಅಂದರೆ ನಾನು ಇನ್ನೂ ಕೂರಿಸದ ಏನೋ ಒಂದು ಅಲ್ಲಿದೆ. ಗದ್ದಲ ಸೋಸಲು ಮಿತಿಯನ್ನು 4 ಸಿಗ್ಮಾಕ್ಕೆ ಏರಿಸಿದರೂ ಅಳಿಯುವುದಿಲ್ಲ. ಕಾಳು ಬಿಡಿಸಿದ ಮೆಣಸಿನ ಗೊಂಚಲಿನ ಕಡ್ಡಿಯ ಹಾಗೆ ಉದ್ದ, ನಡುವೆ ಒಂದು ಬಾಗು. ಒಂದು ತುದಿ ಕವಲೊಡೆದು ಪ್ರೋಟೀನಿನ ಆರ್ಜಿನಿನ್ ಎಂಬ ಅಮೈನೋ ಆಮ್ಲದ ಕಡೆ ತಿರುಗಿದೆ. ನಾನು ಯಾವ ಲಿಗ್ಯಾಂಡನ್ನೂ (ಪ್ರೋಟೀನಿಗೆ ಅಂಟುವ ಅಣು) ಹಾಕಿಲ್ಲ. ಹರಳು ಬೆಳೆದದ್ದು 25% ಪೆಗ್ 3350ರಲ್ಲಿ (ಪೆಗ್ ಅಂದರೆ ಪಾಲಿಎಥಿಲೀನ್ ಗ್ಲೈಕಾಲ್, ಉದ್ದ ಸರಪಳಿಯ ಅಣು), ಫ್ರೀಜ್ ಮಾಡುವಾಗ 20% ಗ್ಲಿಸರಾಲ್. ಪೆಗ್ ತುಂಡು ಇಟ್ಟರೆ ಚೆನ್ನಾಗಿಯೇ ಕೂರುತ್ತದೆ. ಹಾಗೇ ಬರೆದುಬಿಡಲಾ? ಮನಸ್ಸು ಒಪ್ಪುತ್ತಿಲ್ಲ.

ನಾಪೋಕ್ಲು_ಮೇಷ್ಟ್ರು
ಒಪ್ಪದಿದ್ದದ್ದೇ ಒಳ್ಳೆಯದಾಯ್ತಮ್ಮ. 2.1ರಲ್ಲಿ ಕಾರ್ಬನ್ ಯಾವುದು, ಆಕ್ಸಿಜನ್ ಯಾವುದು ಅಂತ ಮ್ಯಾಪ್ ಹೇಳುವುದಿಲ್ಲ. ಪೆಗ್ ಆದರೂ ಕೊಬ್ಬಿನ ಆಮ್ಲ ಆದರೂ ಕಾಣುವುದು ಅದೇ ಬಾಗಿದ ಕೊಳವೆ. ಅಕ್ಕಪಕ್ಕ ಯಾರಿದ್ದಾರೆ ನೋಡು. ಪೆಗ್‌ನಲ್ಲಿ ಎರಡೆರಡು ಕಾರ್ಬನ್ನಿಗೆ ಒಂದು ಆಕ್ಸಿಜನ್. ಅದರ ಹತ್ತಿರ ನೀರೋ ಲೈಸಿನ್ನೋ ಇರುವುದು ಜಾಸ್ತಿ. ಸುತ್ತ ಬರೀ ನೀರಿಗೆ ಒಗ್ಗದ ಲ್ಯೂಸಿನ್, ಫೀನೈಲಲನಿನ್, ಆಮ್ಲದ ತುದಿಯನ್ನು ಹಿಡಿಯಬಲ್ಲ ಧನ ಚಾರ್ಜಿನ ಆರ್ಜಿನಿನ್ ತುದಿಯಲ್ಲಿ ಮಾತ್ರ ಅಂದರೆ ನನಗೆ ಕೊಬ್ಬಿನ ಆಮ್ಲದ ಮೇಲೆಯೇ ಅನುಮಾನ. ಪ್ರೋಟೀನ್ ಮಾಡಿಸಿದ್ದು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಅಲ್ವಾ? ಅದರಲ್ಲಿ 16 ಕಾರ್ಬನ್ನಿನ ಕೊಬ್ಬಿನ ಆಮ್ಲವಾದ ಪಾಮಿಟಿಕ್ ಆಮ್ಲ ಧಾರಾಳ. ಪ್ರೋಟೀನ್ ಶುದ್ಧ ಮಾಡುವ ಕಾಲಂ ಮೇಲೆ ಎಷ್ಟು ತೊಳೆದರೂ ಕೆಲವು ಸಲ ಅಂಟಿಕೊಂಡೇ ಬರುತ್ತದೆ.

ಹರಳುಗಣ್ಣು
ಅಣು ಇಡುವ ಮೊದಲಿನ ಮ್ಯಾಪನ್ನು ಎತ್ತಿಟ್ಟುಕೊಳ್ಳಿ, ಆಮೇಲೆ ತೋರಿಸಬೇಕಾಗುತ್ತದೆ. ಇಟ್ಟ ಮೇಲೆ ಬಿ-ಫ್ಯಾಕ್ಟರ್ (ಪರಮಾಣು ಎಷ್ಟು ಅಲುಗಾಡುತ್ತದೆ ಎಂಬ ಲೆಕ್ಕ) ಪಕ್ಕದವುಗಳಿಗಿಂತ ತೀರಾ ಏರಿದರೆ ಅಣು ತಪ್ಪಿರಬಹುದು, ಇಲ್ಲವೇ ಹರಳಿನ ಎಲ್ಲ ಪ್ರೋಟೀನ್ ಅಣುಗಳಲ್ಲೂ ಅದು ಕೂತಿರಲಿಕ್ಕಿಲ್ಲ.

ಪ್ರೋಟೀನ್ ಉಳಿದಿದ್ದರೆ ಅಂಟಿದ್ದನ್ನು ಕ್ಲೋರೋಫಾರ್ಮ್-ಮೆಥನಾಲ್‌ನಲ್ಲಿ ಬಿಡಿಸಿ, ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡಿ. ಪಾಮಿಟಿಕ್ ಆದರೆ ನೆಗೆಟಿವ್ ಮೋಡಿನಲ್ಲಿ (ಋಣ ಚಾರ್ಜಿನ ಅಣುಗಳನ್ನು ಅಳೆಯುವಾಗ) 255.2ರಲ್ಲಿ ಪೀಕ್ ಬರಬೇಕು. ಪ್ರೋಟೀನ್ ಇಲ್ಲದ ಬರೀ ಬಫರ್ ದ್ರಾವಣವನ್ನೂ ಅದೇ ಥರ ಓಡಿಸುವುದು ಮರೆಯಬೇಡಿ. ಪ್ಲಾಸ್ಟಿಕ್ ಟ್ಯೂಬಿನಿಂದಲೂ ಪಾಮಿಟಿಕ್ ಬಂದುಬಿಡುತ್ತದೆ!

ಕಾಫಿಹೂ_ವಿರಾಜಪೇಟೆ
ಮೇಷ್ಟ್ರೇ, ಈಗಷ್ಟೇ ನೋಡಿದೆ. ಕೊಳವೆಯ ಉದ್ದಕ್ಕೂ ಒಂದು ನೀರೂ ಇಲ್ಲ. ಕವಲಿನಿಂದ ಆರ್ಜಿನಿನ್ನಿಗೆ 2.8, 2.9 ಆಂಗ್‌ಸ್ಟ್ರಾಮ್. ಪೆಗ್ ತೆಗೆದುಹಾಕಿದೆ. ಸದ್ಯಕ್ಕೆ ಯುಎನ್‌ಎಲ್ ಅಂತಲೇ ಇಡುತ್ತೇನೆ, ಪ್ರೋಟೀನ್ ರಚನೆಗಳ ಭಂಡಾರವಾದ ಪಿಡಿಬಿಯಲ್ಲಿ ಗುರುತು ಸಿಗದ ಲಿಗ್ಯಾಂಡಿಗೆ ಇರುವ ಹೆಸರು ಅದೇ ತಾನೇ. ಮೈಸೂರಿನ ಲ್ಯಾಬಿನಲ್ಲಿ ಮೈನಸ್ 80ರಲ್ಲಿ ಎರಡು ಟ್ಯೂಬ್ ಪ್ರೋಟೀನ್ ಉಳಿದಿದೆ. ಸೋಮವಾರ ಹೋದ ತಕ್ಷಣ ಒಂದನ್ನು ಬಿಡಿಸುತ್ತೇನೆ, ಬಫರಿನ ಜೊತೆಗೇ.