41 ಪುಸ್ತಕ ಇವೆಯಂತೆ, ಮೊದಲು ಯಾವುದನ್ನು ಹಿಡಿಯಲಿ?

ಮಂಡ್ಯದಿಂದ (ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ಕೆಲಸಕ್ಕೆಂದು ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವವಳು. ಹೋಗುವಾಗ ಹತ್ತಿರ ಹತ್ತಿರ ಒಂದು ಗಂಟೆ, ಬರುವಾಗ ಒಂದು ಗಂಟೆ. ಕೈಯಲ್ಲಿ ಪುಸ್ತಕ ಇಲ್ಲದಿದ್ದರೆ ನನಗೆ ಆಗುವುದೇ ಇಲ್ಲ. ಆದರೆ ಅಪ್ಪ ಹೋಗಿ ನಾಲ್ಕು ತಿಂಗಳಾಯಿತು. ಅವತ್ತಿನಿಂದ ಏನು ಹಿಡಿದರೂ ಎರಡು ಪುಟ ದಾಟುತ್ತಿಲ್ಲ. ಭಾರವಾದದ್ದು ಬೇಡ ಅನ್ನಿಸುತ್ತದೆ. ಹಾಗಂತ ಓದಿ ಮರೆತುಬಿಡುವ ಜೋಕೂ ಬೇಡ. ಆಫೀಸಿನಲ್ಲಿ ಒಬ್ಬರು ಟೆರ್ರಿ ಪ್ರಾಚೆಟ್ ಅವರ ಡಿಸ್ಕ್‌ವರ್ಲ್ಡ್ ಸರಣಿ ಓದಿ ಅಂದರು. ನೋಡಿದರೆ 41 ಕಾದಂಬರಿ! ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಇಂಗ್ಲಿಷ್ ಓದುತ್ತೇನೆ, ಆದರೆ ನಿಧಾನ. ಎಲ್ಲಿಂದ ಶುರು ಮಾಡಲಿ? ನಿಮ್ಮನ್ನು ಮೊದಲು ಹಿಡಿದು ಕೂರಿಸಿದ ಪಾತ್ರ ಯಾವುದು? ಕಥೆ ಪೂರ್ತಿ ಬಿಟ್ಟುಕೊಡದೆ ಹೇಳಿ, ಪ್ಲೀಸ್.

ಕುವೆಂಪುನಗರ

ಮೇಡಂ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದನೇ ಪುಸ್ತಕದಿಂದ ಶುರು ಮಾಡಬೇಡಿ. 'ದಿ ಕಲರ್ ಆಫ್ ಮ್ಯಾಜಿಕ್' 1983ರದ್ದು. ಆ ಕಾಲದ ಮಾಂತ್ರಿಕ ಕಥೆಗಳನ್ನು ಗೇಲಿ ಮಾಡುವ ಪುಸ್ತಕ ಅದು, ಆ ಕಥೆಗಳನ್ನು ಓದಿರದಿದ್ದರೆ ಅರ್ಧ ನಗು ಕೈಗೇ ಸಿಗುವುದಿಲ್ಲ. ನಾನು ಅದನ್ನೇ ಮೊದಲು ಹಿಡಿದು, ಅರ್ಧಕ್ಕೆ ಬಿಟ್ಟು, ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಎರಡು ವರ್ಷ ದಂಡವಾಯಿತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಲೋಕ ಹೇಗಿದೆ ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ದೊಡ್ಡ ಆಮೆ, ಅದರ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ತಟ್ಟೆಯಂತೆ ಚಪ್ಪಟೆಯಾದ ಭೂಮಿ. ಕೂರ್ಮಾವತಾರ, ಅಷ್ಟದಿಗ್ಗಜ ಕೇಳಿಕೊಂಡು ಬೆಳೆದವರಿಗೆ ಇದು ನಮ್ಮ ಮನೆಯದೇ ಮಾತು ಅಲ್ವಾ.

ನನ್ನನ್ನು ಹಿಡಿದು ಕೂರಿಸಿದ್ದು 'ಗಾರ್ಡ್ಸ್! ಗಾರ್ಡ್ಸ್!', 1989ರದ್ದು. ಆಂಖ್-ಮಾರ್‌ಪಾರ್ಕ್ ಅಂತ ಒಂದು ಕೊಳಕು ಊರು, ಅಲ್ಲಿ ರಾತ್ರಿ ಪಹರೆಯ ಪೊಲೀಸರು ಅಂದರೆ ಯಾರಿಗೂ ಬೇಡವಾದ ಬೆರಳೆಣಿಕೆಯ ಜನ. ಅವರ ಕ್ಯಾಪ್ಟನ್ ಸ್ಯಾಮ್ ವೈಮ್ಸ್ ಪುಸ್ತಕ ಶುರುವಾದಾಗ ಕುಡಿದು, ಮಳೆಯಲ್ಲಿ, ಮೋರಿಯಲ್ಲಿ ಬಿದ್ದಿರುತ್ತಾನೆ. ಆ ಊರಿಗೆ ಕ್ಯಾರಟ್ ಅಂತ ಒಬ್ಬ ಹುಡುಗ ಬರುತ್ತಾನೆ. ಗಣಿಯಲ್ಲಿ ಕುಳ್ಳರು ಎತ್ತಿ ಸಾಕಿದ ಮಗು, ಆರಡಿಗೂ ಎತ್ತರ ಬೆಳೆದಿದ್ದಾನೆ, ಆದರೂ ತಾನು ಕುಳ್ಳನೇ ಅಂತ ನಂಬಿದ್ದಾನೆ. ಊರಿನ ಕಾನೂನು ಪುಸ್ತಕವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದಾನೆ. ಆ ಊರಿನಲ್ಲಿ ಕಳ್ಳರಿಗೂ ಸಂಘ ಇದೆ, ಲೈಸೆನ್ಸ್ ಇದೆ, ಕದ್ದ ಮೇಲೆ ರಸೀದಿ ಕೊಡುತ್ತಾರೆ. ಈ ಹುಡುಗ ಬಂದ ಹೊಸದರಲ್ಲೇ ಹೋಗಿ ಆ ಸಂಘದ ಅಧ್ಯಕ್ಷನನ್ನೇ ಕಳ್ಳತನದ ಆರೋಪದ ಮೇಲೆ ಹಿಡಿದುಕೊಂಡು ಬರುತ್ತಾನೆ! ನಾನು ರಾತ್ರಿ ಹನ್ನೊಂದಕ್ಕೆ ಅದನ್ನು ಓದಿ ಎಷ್ಟು ಜೋರಾಗಿ ನಕ್ಕೆ ಅಂದರೆ ಮಲಗಿದ್ದ ಅಮ್ಮ ಎದ್ದು ಬಂದರು. ಆ ಭಾಗ ಅವರಿಗೆ ಕನ್ನಡದಲ್ಲಿ ಹೇಳಿದೆ. ಆಮೇಲೆ ವಾರಕ್ಕೆ ಎರಡು ಸಲ 'ನಿನ್ನ ಆ ಪೊಲೀಸ್ ಹುಡುಗ ಏನ್ ಮಾಡ್ದ' ಅಂತ ಅವರೇ ಕೇಳುತ್ತಿದ್ದರು.

ನಗು ಅದರ ಒಂದು ಕಡೆ ಮಾತ್ರ. ವೈಮ್ಸ್ ಒಂದೊಂದು ಪುಸ್ತಕದಲ್ಲೂ ಒಂದೊಂದು ಮೆಟ್ಟಿಲು ಏಳುತ್ತಾ ಹೋಗುತ್ತಾನೆ. 2005ರ 'ಥಡ್!' ಬರುವಷ್ಟರಲ್ಲಿ ಅವನಿಗೆ ಒಂದು ಪುಟ್ಟ ಮಗ ಇರುತ್ತಾನೆ. ಊರು ಹೊತ್ತಿ ಉರಿಯುತ್ತಿದ್ದರೂ ಸಂಜೆ ಆರಕ್ಕೆ ಮನೆಗೆ ಓಡಿ ಬಂದು ಮಗನಿಗೆ ಒಂದು ಹಸುವಿನ ಪುಸ್ತಕ ಓದಿ ಹೇಳಲೇಬೇಕು ಅವನಿಗೆ. ಮೋರಿಯಲ್ಲಿ ಬಿದ್ದಿದ್ದ ಮನುಷ್ಯ ಇವನೇ ಅಂತ ನೆನೆದರೆ ಕಣ್ಣು ಒದ್ದೆಯಾಗುತ್ತದೆ.

ಮಂಡ್ಯ, ಪೇಟೆ ಬೀದಿ ಕಡೆಯವರು

ಕುವೆಂಪುನಗರದವರು ಹೇಳಿದ ವೈಮ್ಸ್ ನನಗೂ ಪ್ರಾಣ. ನಮ್ಮದು ಚಪ್ಪಲಿ ಅಂಗಡಿ, ಅದಕ್ಕೇ ಇದನ್ನು ಬರೆಯಲೇಬೇಕು. 'ಮೆನ್ ಅಟ್ ಆರ್ಮ್ಸ್' ಅಂತ 1993ರ ಪುಸ್ತಕದಲ್ಲಿ ವೈಮ್ಸ್ ಬೂಟಿನ ಬಗ್ಗೆ ಯೋಚಿಸುವ ಒಂದು ಪ್ಯಾರಾ ಇದೆ. ಒಳ್ಳೆಯ ಬೂಟಿಗೆ 50 ಡಾಲರ್, ಹತ್ತು ವರ್ಷ ಬಾಳುತ್ತದೆ. ಕಳಪೆಯದಕ್ಕೆ 10 ಡಾಲರ್, ಒಂದೆರಡು ಹಂಗಾಮಿಗೆ ಕಿತ್ತುಹೋಗುತ್ತದೆ. ಕೈಯಲ್ಲಿ ಕಾಸಿಲ್ಲದವನು ಆ ಹತ್ತು ವರ್ಷದಲ್ಲಿ ಕಳಪೆ ಬೂಟಿಗೇ 100 ಡಾಲರ್ ಸುರಿದಿರುತ್ತಾನೆ, ಆದರೂ ಅವನ ಕಾಲು ಒದ್ದೆ.

ಇದನ್ನು ಓದಿದ ದಿನ ಗಲ್ಲಾದ ಮೇಲೆ ಪುಸ್ತಕ ಮಗುಚಿಟ್ಟು ಸುಮ್ನೆ ಕೂತೆ. ಗದ್ದೆ ಕೆಲಸದವರು ವರ್ಷಕ್ಕೆ ಮೂರು ಸಲ ಹವಾಯಿ ಚಪ್ಪಲಿ ಕೊಳ್ಳುವುದನ್ನು ನಾನು ಹದಿನೈದು ವರ್ಷದಿಂದ ನೋಡುತ್ತಿದ್ದೇನೆ. ಎಡಗಾಲಿನ ಉಂಗುಷ್ಠದ ಬಾರು ಕಿತ್ತುಹೋದದ್ದಕ್ಕೆ ಪಿನ್ನು ಚುಚ್ಚಿಕೊಂಡು ಬಂದಿರುತ್ತಾರೆ. ಇನ್ನೂರು ರೂಪಾಯಿ ಜಾಸ್ತಿ ಹಾಕಿದರೆ ಮೂರು ವರ್ಷ ಬರುತ್ತದೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಆ ಇನ್ನೂರು ಅವತ್ತು ಇರುವುದಿಲ್ಲ. ಆನೆ, ಆಮೆ, ಡ್ರ್ಯಾಗನ್ ಇರುವ ಕಥೆಯಲ್ಲಿ ನಮ್ಮ ಅಂಗಡಿ ಮುಂದಿನ ಕಾಲುಗಳು ಕಂಡವಲ್ಲ, ಅವತ್ತಿನಿಂದ ಈ ಲೇಖಕ ನನ್ನವರು.

ಮಾನಸಗಂಗೋತ್ರಿ ಹತ್ತಿರದವರು

ಚಿಕ್ಕದಾಗಿ ಹೇಳುತ್ತೇನೆ. ನಾನು ಲೈಬ್ರರಿ ಕೆಲಸದವನು. ಅಲ್ಲಿನ ಮಾಂತ್ರಿಕರ ವಿಶ್ವವಿದ್ಯಾಲಯದ ಗ್ರಂಥಪಾಲಕ ಒಂದು ಒರಾಂಗುಟಾನ್. ಮೊದಲು ಮನುಷ್ಯನೇ, ಮಂತ್ರ ಎಡವಟ್ಟಾಗಿ ಹೀಗಾದದ್ದು. ವಾಪಸ್ ಮನುಷ್ಯನನ್ನಾಗಿ ಮಾಡುತ್ತೇವೆ ಅಂದರೆ ಅವನೇ ಬೇಡ ಅನ್ನುತ್ತಾನೆ, ಯಾಕೆಂದರೆ ಉದ್ದ ಕೈಗೆ ಮೇಲಿನ ರ‍್ಯಾಕು ಸಲೀಸಾಗಿ ಎಟುಕುತ್ತದೆ! ಸ್ಟೂಲು ಹುಡುಕಿ ಸಾಕಾಗಿರುವ ನನಗೆ ಇದಕ್ಕಿಂತ ಸರಿಯಾದ ಮಾತು ಬೇರೆ ಇಲ್ಲ. ಅವನ ಬಾಯಲ್ಲಿ ಬರುವುದು 'ಊಕ್' ಒಂದೇ, ಆದರೆ ಎಲ್ಲ ಅರ್ಥವೂ ಅದರಲ್ಲೇ. ಅವನನ್ನು ಕೋತಿ ಅಂತ ಮಾತ್ರ ಅನ್ನಬಾರದು. 'ಗಾರ್ಡ್ಸ್! ಗಾರ್ಡ್ಸ್!' ಕಥೆಯಲ್ಲಿ ಒಂದು ಪುಸ್ತಕ ಕಳುವಾದಾಗ ಅವನು ಪಡುವ ಸಂಕಟ ನೋಡಿ. ಲೈಬ್ರರಿಯವರಿಗೆ ಅದು ತಮಾಷೆಯೇ ಅಲ್ಲ.

ಸರಸ್ವತಿಪುರಂ

ಎಲ್ಲರೂ ಪೊಲೀಸರನ್ನೇ ಹೇಳುತ್ತಿದ್ದೀರಿ. ನಾನು ಹೇಳುವುದು ಮಾಟಗಾತಿಯರನ್ನು. 'ವಿಯರ್ಡ್ ಸಿಸ್ಟರ್ಸ್', 1988. ಗ್ರ್ಯಾನಿ ವೆದರ್‌ವ್ಯಾಕ್ಸ್ ಅಂತ ಒಬ್ಬ ಅಜ್ಜಿ, ಬೆಟ್ಟದ ಮೇಲಿನ ಒಂದು ಸಣ್ಣ ರಾಜ್ಯದಲ್ಲಿ ಇರುವವಳು. ಬೇಕಾದಷ್ಟು ಮಂತ್ರ ಬಲ್ಲಳು, ಆದರೆ ಮುಕ್ಕಾಲುಪಾಲು ಕೆಲಸವನ್ನು ಮಂತ್ರವಿಲ್ಲದೇ ಮುಗಿಸುತ್ತಾಳೆ. ಜನರ ತಲೆಯಲ್ಲಿ ಏನಿದೆ ಅಂತ ಅವಳಿಗೆ ಗೊತ್ತು. ಮಾಟಗಾತಿಯ ಟೋಪಿ ಹಾಕಿ ಒಂದು ಸಲ ನೋಡಿದರೆ ಸಾಕು. ಪ್ರಾಣಿ ಪಕ್ಷಿಗಳ ಮನಸ್ಸಿನೊಳಗೆ ಹೋಗಿ ಕೂರುವ ವಿದ್ಯೆಯೂ ಇದೆ ಅವಳಿಗೆ. ಆಗ ಮೈ ತಣ್ಣಗೆ ಕಟ್ಟಿಗೆಯ ಹಾಗೆ ಬಿದ್ದಿರುತ್ತದಲ್ಲ, ನೋಡಿದವರು ಎತ್ತಿಕೊಂಡು ಹೋಗಿ ಹೂತುಬಿಟ್ಟಾರು ಅಂತ, ತಾನು ಸತ್ತಿಲ್ಲ ಅಂತ ತಪ್ಪು ಸ್ಪೆಲ್ಲಿಂಗಿನಲ್ಲಿ ಒಂದು ಚೀಟಿ ಬರೆದು ಕೈಯಲ್ಲಿ ಹಿಡಿದುಕೊಂಡು ಮಲಗುತ್ತಾಳೆ.

ನಮ್ಮ ಅಜ್ಜಿ ಕೆ.ಆರ್. ಪೇಟೆ ಕಡೆ ಸೂಲಗಿತ್ತಿ. ಅದೇ ಗತ್ತು, ಅದೇ ಬಿಗಿದ ತುಟಿ. ಯಾರ ಮನೆಗೆ ಹೋದರೂ 'ಒಲೆಗೆ ನೀರಿಡು' ಅಂತ ಒಂದೇ ಮಾತು. ಬಿಸಿನೀರು ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಕಾಯಿಸಲು ಹೇಳುತ್ತಿದ್ದರು. ಗಾಬರಿಯಾದ ಗಂಡಸರ ಕೈಗೆ ಒಂದು ಕೆಲಸ ಇರಲಿ ಅಂತ. ಅದನ್ನು ಅವರೇ ನನಗೆ ಹೇಳಿದ್ದು. ಗ್ರ್ಯಾನಿಯನ್ನು ಓದುವಾಗ ನನಗೆ ಅಜ್ಜಿಯ ಹೊಗೆಸೊಪ್ಪಿನ ವಾಸನೆ ಬರುತ್ತದೆ, ನಿಜವಾಗಲೂ. ಜೊತೆಗೆ ನ್ಯಾನಿ ಆಗ್ ಅಂತ ಇನ್ನೊಬ್ಬಳು, ಊರು ತುಂಬ ಮಕ್ಕಳು ಮೊಮ್ಮಕ್ಕಳು, ಕುಡಿದರೆ ಹಾಡು, ಗ್ರೀಬೋ ಅಂತ ಒಂದು ಪುಂಡ ಬೆಕ್ಕು. ಬೇರೆಯವರಿಗೆ ಅದು ರಾಕ್ಷಸ, ಅವಳಿಗೆ ಮಾತ್ರ ಇನ್ನೂ ಮುದ್ದು ಮರಿ.

ಅಕ್ಕ, ಇಂಗ್ಲಿಷ್ ಬಗ್ಗೆ: ನಾನೂ ಕನ್ನಡ ಮೀಡಿಯಂನವಳೇ. ಒಂದೊಂದು ಪದಕ್ಕೂ ಡಿಕ್ಷನರಿ ತೆಗೆಯಬೇಡಿ, ತೆಗೆದರೆ ನಗು ಆರಿಹೋಗುತ್ತದೆ. ಅಡಿಟಿಪ್ಪಣಿ ಮಾತ್ರ ಬಿಡಬೇಡಿ, ಒಳ್ಳೊಳ್ಳೆಯ ಮಾತು ಅಲ್ಲೇ ಇರುತ್ತವೆ. ಹೆಚ್ಚಿನ ಪುಸ್ತಕಗಳಲ್ಲಿ ಅಧ್ಯಾಯ ಇಲ್ಲ. ನಡುನಡುವೆ ಸಾಲು ಬಿಟ್ಟಿರುತ್ತಾರೆ, ನಿಮ್ಮ ಸ್ಟೇಷನ್ ಬಂದಾಗ ಅಂಥ ಕಡೆ ಬೆರಳಿಟ್ಟು ಇಳಿಯಿರಿ.

ಶ್ರೀರಂಗಪಟ್ಟಣ

ಕೇಳಿದರೂ ಆಗುತ್ತದೆ. ನಾನು ರಾತ್ರಿ ಪಾಳಿ ಮುಗಿಸಿ ಬರುವಾಗ ಆಡಿಯೋ ಬುಕ್ ಹಾಕಿಕೊಳ್ಳುತ್ತೇನೆ. 2022ರಿಂದ ಹೊಸದಾಗಿ ಓದಿಸಿದ ಆವೃತ್ತಿಗಳು ಬಂದಿವೆ. ಅದರಲ್ಲಿ ಅಡಿಟಿಪ್ಪಣಿಗಳನ್ನು ಬಿಲ್ ನೈ ಅಂತ ನಟ ಬೇರೆ ದನಿಯಲ್ಲಿ ಓದುತ್ತಾರೆ, ಈ ಕಥೆಗಳಲ್ಲಿ ಒಂದು ಪಾತ್ರವಾಗಿಯೇ ಬರುವ ಸಾವಿನ ಮಾತಿಗೆ ಪೀಟರ್ ಸೆರಫಿನೋವಿಜ್. ಪುಸ್ತಕ ಎದುರಿಗಿಟ್ಟುಕೊಂಡು ಕೇಳಿದರೆ ಇಂಗ್ಲಿಷ್ ಕಷ್ಟ ಅರ್ಧ ಇಳಿಯುತ್ತದೆ.

ಜಯಲಕ್ಷ್ಮೀಪುರಂ, ನಿವೃತ್ತ ಮೇಷ್ಟ್ರು

ತಾಯಿ, ನಿಮ್ಮ ತಂದೆಯವರ ವಿಷಯ ಓದಿದೆ. ಉಳಿದವರು ಆ ಮಾತು ಎತ್ತಲು ಹಿಂಜರಿದಿರಬೇಕು, ನಾನು ಎತ್ತುತ್ತೇನೆ. ಈ ಸರಣಿಯಲ್ಲಿ ಸಾವೇ ಒಂದು ಪಾತ್ರ. ಕಪ್ಪು ನಿಲುವಂಗಿಯ ಅಸ್ಥಿಪಂಜರ, ಕೈಯಲ್ಲಿ ಉದ್ದ ಹಿಡಿಯ ಕುಡುಗೋಲು. ನಮ್ಮ ಯಮ ಕೋಣದ ಮೇಲೆ ಬಂದರೆ ಇವನು ಬಿಳಿ ಕುದುರೆಯ ಮೇಲೆ. ಕುದುರೆಯ ಹೆಸರು ಬಿಂಕಿ, ಕನ್ನಡದವರ ಕಿವಿಗೆ ಎಷ್ಟು ಸೊಗಸಾಗಿ ಕೇಳುತ್ತದೆ ನೋಡಿ. ಅವನು ಯಾರನ್ನೂ ಕೊಲ್ಲುವುದಿಲ್ಲ, ಮರಳು ಗಡಿಯಾರ ಮುಗಿದಾಗ ಬರುತ್ತಾನೆ, ಅಷ್ಟೇ. ಅವನಿಗೆ ಬೆಕ್ಕು ಇಷ್ಟ. ಖಾರದ ಊಟ ಇಷ್ಟ. ಮನುಷ್ಯರು ಯಾಕೆ ಹೀಗೆ ಅಂತ ಅರ್ಥ ಮಾಡಿಕೊಳ್ಳಬೇಕು ಅಂತ ಬಹಳ ಆಸೆ.

ನನ್ನ ಹೆಂಡತಿ ತೀರಿಕೊಂಡ ವರ್ಷ ಮಗಳು 'ಮಾರ್ಟ್' ತಂದುಕೊಟ್ಟಳು. 1987ರ ಪುಸ್ತಕ, ಸರಣಿಯಲ್ಲಿ ನಾಲ್ಕನೆಯದು. ಕೆಲಸಕ್ಕೆ ಬಾರದವನು ಅಂತ ಅನ್ನಿಸಿಕೊಂಡ ಒಬ್ಬ ಹಳ್ಳಿ ಹುಡುಗನನ್ನು ಸಾವು ತನ್ನ ಶಿಷ್ಯನನ್ನಾಗಿ ಇಟ್ಟುಕೊಳ್ಳುತ್ತಾನೆ. ಕರೆದುಕೊಂಡು ಹೋದವನು ಮೊದಲು ಮಾಡುವ ಕೆಲಸ ಏನು ಗೊತ್ತೇ? ಹುಡುಗನಿಗೆ ಊಟ ಹಾಕಿಸಿ ಬಟ್ಟೆ ಕೊಡಿಸುತ್ತಾನೆ. ನಾನು ಕುಕ್ಕರಹಳ್ಳಿ ಕೆರೆ ಏರಿಯ ಕಲ್ಲುಬೆಂಚಿನ ಮೇಲೆ ಕೂತು ಅದನ್ನು ಓದಿದ್ದು. ಆಸ್ಪತ್ರೆಯ ಆ ಕೊನೆಯ ರಾತ್ರಿ ಒಬ್ಬನೇ ಕೂತಿದ್ದಾಗ ನನಗೆ ಬಾಗಿಲ ಕಡೆ ನೋಡಲೂ ಭಯವಾಗುತ್ತಿತ್ತು. ಪುಸ್ತಕ ಓದಿದ ಮೇಲೆ, ಅವಳನ್ನು ಕರೆದುಕೊಂಡು ಹೋಗಲು ಬಂದವನು ಹೀಗಿದ್ದಿರಬಹುದು, ಅವಳ ಹತ್ತಿರ ಮರ್ಯಾದೆಯಿಂದ ಎರಡು ಮಾತಾಡಿರಬಹುದು ಅಂತ ಅನ್ನಿಸಿತು. ದುಃಖ ಹೋಗಲಿಲ್ಲ. ಆ ಭಯ ಹೋಯಿತು.

ಲೇಖಕರ ವಿಷಯ ಒಂದಿಷ್ಟು. 2007ರಲ್ಲಿ ಅವರಿಗೆ ಆಲ್ಝೈಮರ್ ಕಾಯಿಲೆಯ ಒಂದು ಅಪರೂಪದ ಬಗೆ ಇದೆ ಅಂತ ಗೊತ್ತಾಯಿತು. ಟೈಪ್ ಮಾಡಲು ಆಗದಂತಾದ ಮೇಲೂ ಬಾಯಲ್ಲಿ ಹೇಳಿ ಬರೆಸಿದರು. 2015ರ ಮಾರ್ಚ್ 12ರಂದು, 66ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ಕಾದಂಬರಿ 'ದಿ ಶೆಫರ್ಡ್ಸ್ ಕ್ರೌನ್' ಬಂದದ್ದು ಅದಾದ ಮೇಲೆ.

ಕುವೆಂಪುನಗರ

ಮೇಷ್ಟ್ರೇ, ನಾನು 'ಮಾರ್ಟ್' ಹೆಸರು ಬೇಕೆಂದೇ ಬಿಟ್ಟಿದ್ದೆ. ನಾಲ್ಕು ತಿಂಗಳು ಅಂದರೆ ಗಾಯ ಇನ್ನೂ ಹಸಿ. ಮೇಡಂ, ನನ್ನ ಮಾತು ಕೇಳುವುದಾದರೆ ಮೊದಲು ಪೊಲೀಸರ ಕಥೆ, ಮನಸ್ಸು ಬಂದಾಗ 'ಮಾರ್ಟ್'. ನೀವೇ ನೋಡಿ ತೀರ್ಮಾನ ಮಾಡಿ.

ಪಾಂಡವಪುರ

ಮನೆಯಲ್ಲಿ ಮಕ್ಕಳಿದ್ದರೆ ಟಿಫನಿ ಏಕಿಂಗ್ ಕಥೆಯನ್ನೂ ನೋಡಿ, 'ದಿ ವೀ ಫ್ರೀ ಮೆನ್', 2003. ಇದರಲ್ಲಿ ಅಧ್ಯಾಯಗಳಿವೆ, ರಾತ್ರಿಗೊಂದು ಓದಬಹುದು. ಒಂಬತ್ತು ವರ್ಷದ ಹುಡುಗಿ, ಕುರಿ ಸಾಕುವವರ ಮನೆ, ಬೆಣ್ಣೆ, ಚೀಸ್ ಮಾಡುವುದರಲ್ಲಿ ಕೈ ಪಳಗಿದವಳು. ಹೊಳೆಯಿಂದ ಒಂದು ಪೀಡೆ ಎದ್ದು ಬಂದರೆ ಬಾಣಲೆ ಹಿಡಿದು ನಿಲ್ಲುತ್ತಾಳೆ! ಜೊತೆಗೆ ಆರೇ ಇಂಚು ಎತ್ತರದ, ನೀಲಿ ಮೈಯ ಜಗಳಗಂಟರು, ಅವರ ಸ್ಕಾಟ್ಲೆಂಡ್ ಕಡೆಯ ಇಂಗ್ಲಿಷ್ ಕಣ್ಣಿಗೆ ಕಷ್ಟ, ಜೋರಾಗಿ ಓದಿದರೆ ಸಲೀಸು. ನಾನು ಮಗಳಿಗೆ ಕನ್ನಡ ಮಾಡಿಕೊಂಡು ಹೇಳುತ್ತೇನೆ, ಅವರ ಮಾತನ್ನೆಲ್ಲ ನಮ್ಮ ಮಂಡ್ಯ ಭಾಷೆಗೇ ಇಳಿಸಿಬಿಟ್ಟಿದ್ದೇನೆ, ಸಕತ್ತಾಗಿ ಕೂರುತ್ತದೆ. 'ಏನ್ಲಾ', 'ಬಡ್ದುಬುಡ್ತೀನಿ' ಅಂದರೆ ಸಾಕು, ಅವಳು ಹಾಸಿಗೆ ಮೇಲೆ ಉರುಳಾಡಿ ನಗುತ್ತಾಳೆ. ಸಾವಿನ ಮಾತು ಪುಸ್ತಕದಲ್ಲಿ ಪೂರ್ತಿ ಇಂಗ್ಲಿಷಿನ ದೊಡ್ಡಕ್ಷರದಲ್ಲಿರುತ್ತದೆ. ನಮ್ಮ ಅಕ್ಷರದಲ್ಲಿ ಚಿಕ್ಕದು ದೊಡ್ಡದು ಅಂತ ಇಲ್ಲವಲ್ಲ, ಅವನ ಕಥೆ ಹೇಳುವಾಗ ನಾನು ಬಾಯಿಗೆ ಹಿತ್ತಾಳೆ ಕೊಡ ಅಡ್ಡ ಹಿಡಿದುಕೊಳ್ಳುತ್ತೇನೆ.

ಮಂಡ್ಯದಿಂದ (ಕೇಳಿದವರು)

ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್. ಪೊಲೀಸರ ಕಥೆ, 'ಮಾರ್ಟ್' ಎರಡನ್ನೂ ತರಿಸಿದೆ. ಕುವೆಂಪುನಗರದವರೇ, ನೀವು ಬೇಜಾರು ಮಾಡಿಕೊಳ್ಳಬೇಡಿ, ಇವತ್ತು ಬೆಳಗ್ಗೆ ಕೈ ತಾನಾಗೇ 'ಮಾರ್ಟ್' ಕಡೆ ಹೋಯಿತು. ಕೆಲಸ ಕೊಡುವವರು ಬರುವ ಸಂತೆಗೆ ಆ ಹುಡುಗನನ್ನು ಅವರ ಅಪ್ಪ ಕರೆದುಕೊಂಡು ಬರುತ್ತಾರಲ್ಲ, ಎಲ್ಲ ಹುಡುಗರಿಗೂ ಕೆಲಸ ಸಿಗುತ್ತದೆ, ಇವನು ಮಾತ್ರ ಉಳಿಯುತ್ತಾನೆ, ಮಧ್ಯರಾತ್ರಿ ಆಗುವವರೆಗೂ ಕಾಯುತ್ತೇನೆ ಅನ್ನುತ್ತಾನೆ. ನನ್ನ ಮೊದಲ ಇಂಟರ್‌ವ್ಯೂಗೆ ಅಪ್ಪನೇ ಮೈಸೂರಿಗೆ ಕರೆದುಕೊಂಡು ಬಂದಿದ್ದರು. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೂ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ, ನನ್ನ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಾವೂ ತಿಂದಿರಲಿಲ್ಲ.

ಅದೆಲ್ಲ ನೆನಪಾಗಿ ಅಳು ಬಂತು. ಒಂದೆರಡು ಪುಟ ಕಳೆಯುವಷ್ಟರಲ್ಲಿ ನಗುವೂ ಬಂತು. ಪಕ್ಕದಲ್ಲಿ ಕೂತಿದ್ದ ಹೂವಿನ ಬುಟ್ಟಿಯ ಅಜ್ಜಿ 'ಏನವ್ವ, ಏನಾಯ್ತು' ಅಂದರು. ನಾಗನಹಳ್ಳಿ ಬರುವವರೆಗೂ ಅವರಿಗೆ ಆ ಬಿಳಿ ಕುದುರೆಯ ಕಥೆ ಹೇಳಿದೆ. ನಾಳೆಯೂ ಇದೇ ಬೋಗಿಗೆ ಬರುತ್ತಾರಂತೆ.