ಕ್ಲೌಡ್ ಸರ್ವರ್‌ನ ಬ್ಯಾಕಪ್ ಮನೆಗೆ ತರುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಬಾಡಿಗೆ ವಿಪಿಎಸ್ (ಕ್ಲೌಡ್ ಕಂಪನಿಯ ವರ್ಚುವಲ್ ಸರ್ವರ್) ಒಂದರಲ್ಲಿ ನಮ್ಮ ಸಂಘದ ವರ್ಡ್‌ಪ್ರೆಸ್ ಸೈಟ್ ಮತ್ತು ಹಳೆಯ ಫೋಟೊಗಳಿವೆ. ಸುಮಾರು 60 ಜಿಬಿ. ಕಂಪನಿಯವರ ಸ್ನ್ಯಾಪ್‌ಶಾಟ್ (ಡಿಸ್ಕ್ ಆ ಹೊತ್ತಿಗೆ ಇದ್ದ ಹಾಗೆ ತೆಗೆದ ಪ್ರತಿ) ಇದೆ. ಆದರೂ ಒಂದು ಪ್ರತಿ ಮನೆಯ ನ್ಯಾಸ್‌ನಲ್ಲಿ (ನೆಟ್‌ವರ್ಕ್‌ಗೆ ಜೋಡಿಸಿದ ಸ್ಟೋರೇಜ್ ಪೆಟ್ಟಿಗೆ) ಇರಲಿ ಅಂತ ಆಸೆ. ಮನೆಯ ಇಂಟರ್ನೆಟ್‌ಗೆ ಪಬ್ಲಿಕ್ ಐಪಿ (ಹೊರಗಿನಿಂದ ನೇರವಾಗಿ ತಲುಪುವ ವಿಳಾಸ) ಇಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ಉತ್ತರ: ಖಂಡಿತ ಮಾಡಿ. ಸ್ನ್ಯಾಪ್‌ಶಾಟ್ ಇರುವುದು ಅದೇ ಕಂಪನಿಯ ಅದೇ ಅಕೌಂಟ್‌ನಲ್ಲಿ ಅಲ್ವಾ? ಅಕೌಂಟ್ ಹೋದರೆ ಎರಡೂ ಹೋಗುತ್ತವೆ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರ್‌ನ ಒಂದು ಕಟ್ಟಡ ಸುಟ್ಟುಹೋಯಿತು. ಬ್ಯಾಕಪ್ ಕೂಡ ಅಲ್ಲೇ ಇಟ್ಟವರಿಗೆ ಏನೂ ಉಳಿಯಲಿಲ್ಲ.

ಪಬ್ಲಿಕ್ ಐಪಿ ಬೇಕಾಗಿಲ್ಲ. ಸರ್ವರ್ ಮನೆಗೆ ಕಳಿಸುವುದು ಬೇಡ, ನ್ಯಾಸ್ ತಾನೇ ಸರ್ವರ್‌ಗೆ ಲಾಗಿನ್ ಆಗಿ ಎಳೆದುಕೊಳ್ಳಲಿ. ನನ್ನದು ರಾತ್ರಿ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಂ) ಎಸ್‌ಎಸ್‌ಎಚ್ (ಸುರಕ್ಷಿತ ದೂರ ಲಾಗಿನ್) ಮೂಲಕ ಆರ್‌ಸಿಂಕ್ ಎಂಬ ಫೈಲ್ ಕಾಪಿ ಪ್ರೋಗ್ರಾಂ ಓಡುತ್ತದೆ. ಮೊದಲ ಸಲ ಪೂರ್ತಿ ಬರುತ್ತದೆ, ಆಮೇಲೆ ಬದಲಾದದ್ದು ಮಾತ್ರ. ಇದರಲ್ಲಿ ದೊಡ್ಡ ಲಾಭ ಇನ್ನೊಂದಿದೆ. ನ್ಯಾಸ್‌ನ ಪಾಸ್‌ವರ್ಡ್, ಲಾಗಿನ್ ಕೀ ಯಾವುದೂ ಸರ್ವರ್‌ನಲ್ಲಿ ಇರುವುದಿಲ್ಲ. ಸೈಟ್ ಹ್ಯಾಕ್ ಆದರೂ ಅಲ್ಲಿಂದ ಮನೆಯ ಪ್ರತಿಯನ್ನು ಅಳಿಸಲು ದಾರಿ ಸಿಗುವುದಿಲ್ಲ. ಬ್ಯಾಕಪ್‌ಗೆಂದೇ ಬೇರೆ ಯೂಸರ್ ಮಾಡಿ, ಅದರ ಕೀಗೆ ಓದುವ ಅನುಮತಿ ಮಾತ್ರ ಕೊಡಿ. ಆರ್‌ಸಿಂಕ್ ಜೊತೆ ಬರುವ ಆರ್‌ಆರ್‌ಸಿಂಕ್ ಸ್ಕ್ರಿಪ್ಟ್ ಇರುವುದೇ ಇದಕ್ಕೆ.

ಇನ್ನೊಬ್ಬರು: ಡೇಟಾಬೇಸ್ ವಿಷಯ ಸೇರಿಸುತ್ತೇನೆ. ಓಡುತ್ತಿರುವ ಡೇಟಾಬೇಸ್‌ನ ಫೈಲ್‌ಗಳನ್ನು ಸುಮ್ನೆ ಕಾಪಿ ಮಾಡಬೇಡಿ. ಕಾಪಿ ಮುಗಿಯುವಷ್ಟರಲ್ಲಿ ಒಂದಷ್ಟು ಬದಲಾಗಿರುತ್ತದೆ. ವಾಪಸ್ ಹಾಕಿದಾಗ ಡೇಟಾಬೇಸ್ ಏಳದೇ ಇರಬಹುದು. ಮೊದಲು ಮೈಎಸ್‌ಕ್ಯೂಎಲ್ ಡಂಪ್ (ಡೇಟಾಬೇಸ್‌ನಲ್ಲಿರುವುದನ್ನೆಲ್ಲ ಬರೆದಿಟ್ಟ ಫೈಲ್) ತೆಗೆಯಿರಿ, ‘ಸಿಂಗಲ್ ಟ್ರಾನ್ಸಾಕ್ಷನ್’ ಆಯ್ಕೆ ಹಾಕಿ. ಟೇಬಲ್‌ಗಳು ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಟೇಬಲ್‌ನ ಒಂದು ಬಗೆ) ಆಗಿದ್ದರೆ ಸೈಟ್ ನಿಲ್ಲಿಸುವ ಅಗತ್ಯ ಇಲ್ಲ. ಡಂಪ್ ಮುಗಿದ ಮೇಲೆ ಆರ್‌ಸಿಂಕ್.

ಡಂಪ್ ನಿಜವಾಗಿ ಆಗುತ್ತಿದೆಯಾ ಅಂತಲೂ ನೋಡುತ್ತಿರಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕೋಡ್ ಇಡುವ ತಾಣದ ಮುಖ್ಯ ಡೇಟಾಬೇಸ್ ಕೈತಪ್ಪಿನಿಂದ ಅಳಿಸಿಹೋಯಿತು. ಹುಡುಕಿದರೆ ಡಂಪ್‌ಗಳೇ ಇಲ್ಲ! ಅವರ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಆವೃತ್ತಿ 9.6, ಡಂಪ್ ತೆಗೆಯುವ ಪ್ರೋಗ್ರಾಂ ಹಳೆಯ 9.2. ಹಾಗಾಗಿ ಡಂಪ್ ಫೇಲ್ ಆಗುತ್ತಿತ್ತು. ಅದನ್ನು ತಿಳಿಸುವ ಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಹಿಂದಿನ ಒಂದು ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು.

ಪ್ರಶ್ನೆ ಕೇಳಿದವರು: ತುಂಬ ಧನ್ಯವಾದ. ಆರ್‌ಸಿಂಕ್ ಒಂದೇ ಸಾಕಾ, ರೆಸ್ಟಿಕ್ (ಹಳೆಯ ಪ್ರತಿಗಳನ್ನೂ ಎನ್‌ಕ್ರಿಪ್ಟ್ ಮಾಡಿ ಇಡುವ ಬ್ಯಾಕಪ್ ಪ್ರೋಗ್ರಾಂ) ಕೂಡ ಬೇಕಾ? ಡೇಟಾ ಹೊರಗೆ ತಂದರೆ ಬಿಲ್ ಜಾಸ್ತಿ ಆಗುತ್ತದಾ?

ಮತ್ತೊಬ್ಬರು: ಸರ್ವರ್‌ನಲ್ಲಿ ಫೈಲ್ ಹಾಳಾದರೆ ಆರ್‌ಸಿಂಕ್ ಆ ಹಾಳಾದ ಫೈಲನ್ನೇ ತಂದು ಹಳೆಯದರ ಮೇಲೆ ಬರೆಯುತ್ತದೆ. ಅದಕ್ಕೇ ಹಿಂದಿನ ದಿನಗಳ ಪ್ರತಿಗಳು ಬೇಕು. ನ್ಯಾಸ್‌ನಲ್ಲಿ ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್ ಇಡುವ ವ್ಯವಸ್ಥೆ) ಇದ್ದರೆ ದಿನಾ ಅಲ್ಲೇ ಸ್ನ್ಯಾಪ್‌ಶಾಟ್ ತೆಗೆದರೆ ಸಾಕು. ಇಲ್ಲದಿದ್ದರೆ ತಂದದ್ದನ್ನು ನ್ಯಾಸ್‌ನಲ್ಲೇ ರೆಸ್ಟಿಕ್‌ಗೆ ಹಾಕಿ. ಆದರೆ ರೆಸ್ಟಿಕ್ ಪಾಸ್‌ವರ್ಡ್ ಕಳೆದರೆ ಬ್ಯಾಕಪ್ ತೆರೆಯಲು ಬೇರೆ ದಾರಿಯೇ ಇಲ್ಲ. ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಡಿ, ಸಂಘದ ಇನ್ನೊಬ್ಬರಿಗೂ ಗೊತ್ತಿರಲಿ.

ಬಿಲ್ ವಿಷಯಕ್ಕೆ ಬಂದರೆ, ವಿಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಡೇಟಾಗೆ ತಿಂಗಳ ಕೋಟಾ ಇರುತ್ತದೆ, ನಿಮ್ಮ ಪ್ಲಾನ್ ನೋಡಿ. ಎಡಬ್ಲ್ಯೂಎಸ್‌ನಲ್ಲಿ (ಅಮೆಜಾನ್‌ನ ಕ್ಲೌಡ್) ಹೊರಗೆ ತರುವ ಡೇಟಾ ತಿಂಗಳಿಗೆ ಮೊದಲ 100 ಜಿಬಿ ಉಚಿತ.

ಒಂದು ಭಾನುವಾರ ಕೂತು, ಹಳೆಯ ಲ್ಯಾಪ್‌ಟಾಪ್‌ನಲ್ಲಿ ಈ ಬ್ಯಾಕಪ್‌ನಿಂದಲೇ ಸೈಟ್ ಎಬ್ಬಿಸಿ ನೋಡಿ. ಎನ್‌ಜಿನ್‌ಎಕ್ಸ್ (ವೆಬ್ ಸರ್ವರ್ ಪ್ರೋಗ್ರಾಂ) ಕಾನ್ಫಿಗ್, ಕ್ರಾನ್ ಪಟ್ಟಿಯಂಥವು ಬಿಟ್ಟುಹೋಗಿದ್ದರೆ ಆಗ ಗೊತ್ತಾಗುತ್ತದೆ. ಅವುಗಳಲ್ಲಿ ಕೆಲವನ್ನು ಓದಲು ರೂಟ್ (ಸರ್ವರ್‌ನ ಅಡ್ಮಿನ್) ಅನುಮತಿ ಬೇಕು. ಡಂಪ್ ಸ್ಕ್ರಿಪ್ಟ್‌ನಲ್ಲೇ ಅವುಗಳ ಟಾರ್ ಫೈಲ್ (ಎಲ್ಲವನ್ನೂ ಸೇರಿಸಿದ ಒಂದೇ ಫೈಲ್) ಮಾಡಿಸಿ, ಬ್ಯಾಕಪ್ ಯೂಸರ್‌ಗೆ ಮಾತ್ರ ಕಾಣುವ ಫೋಲ್ಡರ್‌ಗೆ ಹಾಕಿಸಿ.